‘ಸಾಯುವುದಿಲ್ಲ’ ಎಂಬ ವಚನ ಸಿಕ್ಕಿತ್ತು

ಸಲಹೆ ಕೇಳಿಕೊಂಡು ನನ್ನ ಬಳಿ ಬಂದಿದ್ದ ಒಬ್ಬ ತಾಯಿಯ ವಿಷಯ ಇದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಧಾರವಾಡದ ಕಡೆಯ ತಾಯಿ, ವಯಸ್ಸು 54. ಮೊದಲ ದಿನ ಬಂದು ಕೂತವರು ಚೀಲದಿಂದ ಸತ್ಯವೇದ (ಬೈಬಲ್) ತೆಗೆದು 118ನೇ ಕೀರ್ತನೆ ತೋರಿಸಿದರು. 17ನೇ ವಚನದ ಕೆಳಗೆ ಗೆರೆ. ಪಕ್ಕದಲ್ಲಿ ಬಾಲ್ ಪೆನ್ನಿನಲ್ಲಿ ಒಂದು ತಾರೀಖು, ‘ವಾಗ್ದಾನ’ ಎಂಬ ಒಂದು ಪದ. ನಾನು ಸಾಯುವುದಿಲ್ಲ, ಬದುಕಿದ್ದು ಯೆಹೋವನ ಕೆಲಸಗಳನ್ನು ಸಾರುತ್ತೇನೆ ಎಂಬುದು ಆ ವಚನದ ಅರ್ಥ.

“ನಮ್ಮ ಯಜಮಾನ್ರನ್ನ ಐಸಿಯುಗೆ ಒಯ್ದ ರಾತ್ರಿ ಕಣ್ಣು ಮುಚ್ಚಿ ತೆಗೆದೆ ಮೇಡಂ. ಇದು ಬಂತು. ಹನ್ನೆರಡು ದಿನಕ್ಕ ಅವರು ಹೋದ್ರು. ದೇವರು ಸುಳ್ಳು ಹೇಳಿದ್ನೋ, ನನ್ನ ನಂಬಿಕೆನೇ ಕಡಿಮೆ ಆತೋ?”

ಆರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಪ್ರಾರ್ಥನಾ ಕೂಟದಲ್ಲಿ ಬೇರೆಯವರು ದೇವರು ತಮಗೆ ಮಾಡಿದ ಉಪಕಾರದ ಸಾಕ್ಷಿ ಹೇಳುವಾಗ ಎದ್ದು ಹೊರಗೆ ಹೋಗುತ್ತಿದ್ದರು. ಈಗಲೂ ದಿನಾ ಕಣ್ಣು ಮುಚ್ಚಿ ಪುಸ್ತಕ ತೆಗೆದು, ಬಂದ ವಚನವನ್ನು ದೇವರ ಮಾತೆಂದು ಓದುತ್ತಿದ್ದರು. ಒಮ್ಮೆ ಸತ್ಯವೇದದ ಧರ್ಮೋಪದೇಶಕಾಂಡದ 28ನೇ ಅಧ್ಯಾಯದ ಶಾಪಗಳು ಬಂದವು. ಅದು ತಮಗೇ ಬಂದ ತೀರ್ಪು ಎಂದುಕೊಂಡರು.

ದೇವರು ಗ್ರಂಥದ ಮೂಲಕ ಇಂದಿಗೂ ನಂಬುವವರ ಜೊತೆ ಮಾತಾಡುತ್ತಾನೆ ಎಂಬುದು ಕ್ರೈಸ್ತ ನಂಬಿಕೆಯ ಜೀವಾಳ. ಅಂದು ಬರೆಸಿದ ಪವಿತ್ರಾತ್ಮನೇ ಇಂದು ಓದುವವರ ಮನಸ್ಸು ತೆರೆಯುತ್ತಾನೆ ಅನ್ನುತ್ತಾರೆ. ಎಷ್ಟೋ ಸಭೆಗಳಲ್ಲಿ (ಚರ್ಚುಗಳಲ್ಲಿ) ಹೊಸ ವರ್ಷದ ಆರಾಧನೆಯಲ್ಲಿ ಒಂದೊಂದು ವಚನ ಬರೆದ ವಾಗ್ದಾನದ ಕಾರ್ಡ್ ಕೊಡುತ್ತಾರೆ. ‘ದೇವರು ನನ್ನ ಜೊತೆ ಮಾತಾಡಿದರು’ ಅನ್ನುವುದು ಈ ಮನೆಗಳಲ್ಲಿ ದಿನದ ಮಾತು. ಅದನ್ನೇ ಕಾಯಿಲೆ ಎಂದು ಬರೆದುಕೊಳ್ಳುವ ಸಲಹೆಗಾರರನ್ನು ನೋಡಿದ್ದೇನೆ, ಬೇಸರವಾಗುತ್ತದೆ. ನಾನೂ ಸತ್ಯವೇದ ಓದಿ ಬೆಳೆದವಳು. ಈ ತಾಯಿಯ ನಂಬಿಕೆಯನ್ನು ಬಿಡಿಸುವುದು ನನ್ನ ಕೆಲಸವಾಗಿರಲಿಲ್ಲ.

ಎರಡನೇ ಸಲ ಬಂದಾಗ ಆ ಕೀರ್ತನೆಯನ್ನು ಮೊದಲಿಂದ ಕೊನೆವರೆಗೆ ಜೋರಾಗಿ ಓದಿ ಅಂದೆ. 29 ವಚನ. ಅಷ್ಟು ವರ್ಷದಲ್ಲಿ ಅದನ್ನು ಒಂದೇ ಸಲಕ್ಕೆ ಪೂರ್ತಿ ಓದಿರಲಿಲ್ಲವಂತೆ. “ಇದನ್ನ ಯಾರು ಹೇಳ್ತಿದ್ದಾರಮ್ಮಾ?” ಎಂದು ಕೇಳಿದೆ. ಸ್ವಲ್ಪ ಹೊತ್ತು ನೋಡಿದರು. “ಸಾವಿನಿಂದ ಪಾರಾದವನು ಹಾಡ್ತಾನ್ರಿ,” ಅಂದರು.

ಯೆಹೂದ್ಯರು ಈಜಿಪ್ಟಿನ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದಲ್ಲಿ 113ರಿಂದ 118ರವರೆಗಿನ ಕೀರ್ತನೆಗಳನ್ನು ಹಾಡುತ್ತಾರೆ. ಯೇಸು ಕೊನೆಯ ಊಟ ಮುಗಿಸಿ, ಶಿಷ್ಯರ ಜೊತೆ ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟ ಎಂದು ಮಾರ್ಕನ ಸುವಾರ್ತೆ ಹೇಳುತ್ತದೆ. ಅದು ಇವೇ ಕೀರ್ತನೆಗಳು ಎಂಬುದು ಬಹಳ ಪಂಡಿತರ ಅಭಿಪ್ರಾಯ. ಹಾಗಿದ್ದರೆ ‘ಸಾಯುವುದಿಲ್ಲ’ ಎಂದು ಹಾಡಿದ ಮರುದಿನವೇ ಅವನು ಶಿಲುಬೆಯ ಮೇಲಿದ್ದ. ಜರ್ಮನಿಯ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರನಿಗೂ ಈ ವಚನ ಬಲು ಪ್ರಿಯ. 1530ರಲ್ಲಿ ಕೋಬುರ್ಗ್ ಕೋಟೆಯಲ್ಲಿದ್ದಾಗ ಇದೇ ಕೀರ್ತನೆಗೆ ವ್ಯಾಖ್ಯಾನ ಬರೆದ. 1546ರಲ್ಲಿ ತೀರಿಕೊಂಡ. ಇದನ್ನೆಲ್ಲ ಹೇಳಿದಾಗ ಅವರು ತುಂಬಾ ಹೊತ್ತು ಸುಮ್ಮನಿದ್ದರು. “ಹಂಗಾದ್ರ ನಾ ಕೇಳಿಸಿಕೊಂಡಿದ್ದು ತಪ್ಪು, ಆದ್ರ ವಚನ ಸುಳ್ಳಲ್ಲ, ಅಲ್ವಾ?”

ಆದರೆ ಎದೆಯಲ್ಲಿ ಚುಚ್ಚುತ್ತಿದ್ದ ಮುಳ್ಳು ಬೇರೆ ಇತ್ತು. ಅದು ಮೂರನೇ ಸಲ ಹೊರಬಂತು. ಯಜಮಾನರು ಎರಡು ಸಲ ಮಾತು ತೆಗೆದಿದ್ದರು: “ನನ್ನನ್ನ ಅವ್ವನ ಪಕ್ಕದಾಗ ಇಡ್ರಿ.” ಇವರು ಎರಡೂ ಸಲ ಬಾಯಿ ಮುಚ್ಚಿಸಿದ್ದರು. “ಹಂಗೆಲ್ಲಾ ಮಾತಾಡಬ್ಯಾಡ್ರಿ, ವಚನ ಬಂದೈತಿ.” ಆಮೇಲೆ ಯಜಮಾನರು ಏನೂ ಹೇಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದರು. ಇದನ್ನು ಹೇಳುವಾಗ ಆ ತಾಯಿ ಅತ್ತಿದ್ದು ನನಗೆ ಇನ್ನೂ ನೆನಪಿದೆ.

ನಾನು ಕೊಟ್ಟ ಸಲಹೆ ಇದು. ಆರು ವಾರ ಕಣ್ಣು ಮುಚ್ಚಿ ಪುಸ್ತಕ ತೆಗೆಯುವುದು ಬೇಡ. ಹಾಗೆ ತೆಗೆಯುವುದು ಪಾಪವಾ ಎಂದು ಕೇಳಿದರು. ಹಳೆಯ ಕಾಲದ ಕ್ರೈಸ್ತ ಗುರು ಅಗಸ್ಟೀನ ಕ್ರಿ.ಶ. 386ರಲ್ಲಿ ಮಿಲಾನಿನಲ್ಲಿ ಹಾಗೇ ತೆರೆದು ಓದಿ ಬದಲಾದವನು. ಆದರೆ ಲೌಕಿಕ ವಿಷಯಕ್ಕೆ ಸುವಾರ್ತೆಯ ಹಾಳೆ ತೆಗೆದು ಶಕುನ ನೋಡುವುದು ತನಗೆ ಇಷ್ಟವಿಲ್ಲ ಎಂದು ಮುಂದೆ ಅವನೇ ಬರೆದ. ಪಾಪದ ಮಾತು ಬಿಡಿ, ನೀವೀಗ ಪರೀಕ್ಷೆಯ ರಿಸಲ್ಟ್ ನೋಡುವ ಹಾಗೆ ಓದುತ್ತಿದ್ದೀರಿ, ಅದು ನಿಮ್ಮನ್ನು ಸುಡುತ್ತಿದೆ ಅಂದೆ. ದಿನಕ್ಕೊಂದು ಕೀರ್ತನೆ, ಪೂರ್ತಿ, ಮಗಳ ಜೊತೆ. 88ನೆಯದನ್ನು ಬಿಡಬೇಡಿ ಅಂದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಸತ್ಯವೇದದಲ್ಲಿ ಇದೆ. ನಿದ್ದೆಗೆ ಡಾಕ್ಟರ ಹತ್ತಿರ ಕಳಿಸಿದೆ. ಆ ತಾಯಿಯ ಒಪ್ಪಿಗೆ ಪಡೆದು ಸಭೆಯ ಅಯ್ಯನವರ (ಪಾಸ್ಟರ್) ಜೊತೆ ಮಾತಾಡಿದೆ. ಸ್ವಲ್ಪ ದಿನ ಯಾರೂ ಸಾಕ್ಷಿ ಹೇಳಿ ಎಂದು ಒತ್ತಾಯಿಸದ ಹಾಗೆ ಅವರು ನೋಡಿಕೊಂಡರು.

ಅಂದು ಕೇಳದೆ ಬಿಟ್ಟ ಮಾತನ್ನು ಈಗ ಕೇಳಿ, ಯಜಮಾನರಿಗೆ ಒಂದು ಪತ್ರ ಬರೆಯಿರಿ ಅಂದೆ. ಬರೆದದ್ದನ್ನು ಮಗಳಿಗೆ ಓದಿ ಹೇಳಿದರಂತೆ. ಅಪ್ಪ ಅದೇ ಮಾತನ್ನು ಮಗಳಿಗೂ ಹೇಳಿದ್ದರು. ಮಣ್ಣು ಮಾಡುವಾಗ ಆ ಜಾಗವನ್ನೇ ಕೊಡಿಸಿದ್ದು ಅವಳು. ಅಮ್ಮನಿಗೆ ಹೇಳಲು ಹೆದರಿದ್ದಳು.

ರೋಗಿ ಸಾವಿನ ಮಾತು ತೆಗೆದರೆ ದಯವಿಟ್ಟು ಕೇಳಿಸಿಕೊಳ್ಳಿ. ವಚನವನ್ನು ಆಮೇಲೆ ಓದಬಹುದು, ಇಬ್ಬರೂ ಕೂಡಿ ಓದಬಹುದು.

ಮೊದಲ ದಿನ ಆ ಹಾಳೆ ಹರಿದುಬಿಡಲೇ ಎಂದು ಕೇಳಿದ್ದರು. ಕೊನೆಯ ಸಲ ಬಂದಾಗ ಪುಸ್ತಕ ತೆರೆದು ತೋರಿಸಿದರು. ‘ವಾಗ್ದಾನ’ ಎಂಬ ಪದ ಹಾಗೇ ಇತ್ತು. ತಾರೀಖಿನ ಕೆಳಗೆ ಇನ್ನೊಂದು ತಾರೀಖು ಬರೆದಿದ್ದರು, ಯಜಮಾನರು ಹೋದ ದಿನದ್ದು.