ಹಳೇ ಆಯಿಲ್‌ಗೆ ಇಷ್ಟೊಂದು ರೂಲ್ಸ್ ಯಾಕೆ?

ಪ್ರಶ್ನೆ: ಗಾಡಿಯಿಂದ ತೆಗೆದ ಹಳೇ ಇಂಜಿನ್ ಆಯಿಲ್ ಚೆನ್ನಾಗೇ ಉರಿಯುತ್ತಲ್ಲ ಸರ್, ಬಾಯ್ಲರ್‌ಗೆ ಹಾಕಿ ಸುಟ್ರೆ ಕೆಲಸ ಮುಗೀತು, ಸರ್ಕಾರಗಳು ಅದಕ್ಕೂ ಲೈಸೆನ್ಸು, ರಿಜಿಸ್ಟರು ಅಂತ ಯಾಕೆ ತಲೆ ತಿಂತಾವೆ?

ಉತ್ತರ: ಉರಿಯುತ್ತೆ ನಿಜ, ಆದ್ರೆ ಉರಿಯೋದು ಬರೀ ಎಣ್ಣೆ ಅಲ್ಲ. ಇಂಜಿನ್ ಸವೆದು ಬಂದ ಲೋಹದ ಪುಡಿ, ಆಯಿಲ್‌ಗೆ ಬೆರೆಸೋ ರಾಸಾಯನಿಕಗಳಲ್ಲಿ (ಅಡಿಟಿವ್) ಇದ್ದ ಸತು, ಮಸಿ, ನೀರು, ಅರ್ಧಂಬರ್ಧ ಉರಿದ ಪೆಟ್ರೋಲು ಎಲ್ಲಾ ಅದರಲ್ಲೇ ಇರುತ್ತೆ, ಸರಿಯಾದ ಫಿಲ್ಟರ್ ಇಲ್ದೆ ಸುಟ್ರೆ ಇದರಲ್ಲಿ ಸುಮಾರು ಪಾಲು ಚಿಮಣಿಯಿಂದ ಗಾಳಿಗೆ ಸೇರುತ್ತೆ.

ಇನ್ನೊಂದು ತಲೆನೋವು ಬೆರಕೆ. ಯಾರೋ ಕ್ಲೋರಿನ್ ಇರೋ ಬ್ರೇಕ್ ಕ್ಲೀನರನ್ನ ಅದೇ ಡ್ರಮ್ಮಿಗೆ ಸುರಿದ್ರೆ ಇಡೀ ಡ್ರಮ್ಮೇ ಕೆಡುತ್ತೆ. ಅದಕ್ಕೇ ಅಮೆರಿಕದಲ್ಲಿ ಒಟ್ಟು ಹ್ಯಾಲೊಜೆನ್ (ಕ್ಲೋರಿನ್ ಮತ್ತು ಅದರ ಜಾತಿಯ ಧಾತುಗಳು) 1000 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 1000 ಭಾಗ, ದಾಟಿದ್ರೆ ಅಪಾಯಕಾರಿ ತ್ಯಾಜ್ಯ ಬೆರೆಸಿದ್ದಾರೆ ಅಂತಲೇ ಲೆಕ್ಕ, ಅಲ್ಲ ಅಂತ ಸಾಬೀತು ಮಾಡೋ ಜವಾಬ್ದಾರಿ ಆಯಿಲ್ ಇಟ್ಕೊಂಡವರದ್ದು. ಇದು ನನಗಂತೂ ಸರಿಯಾದ ರೂಲ್ ಅನ್ಸುತ್ತೆ.

ಮತ್ತೆ ಇಂಜಿನ್‌ನಲ್ಲಿ ಬೇಸ್ ಆಯಿಲ್ (ಅಡಿಟಿವ್ ಬೆರೆಸೋ ಮೂಲ ಎಣ್ಣೆ) ಸವೆಯೋದು ಕಮ್ಮಿ, ಕೊಳೆಯಾಗುತ್ತೆ ಅಷ್ಟೇ. ನೀರು ತೆಗೆದು, ವ್ಯಾಕ್ಯೂಮ್‌ನಲ್ಲಿ ಭಟ್ಟಿ ಇಳಿಸಿ, ಹೈಡ್ರೋಜನ್ ಹಾಯಿಸಿದ್ರೆ ಮತ್ತೆ ಹೊಸದರಂಗೇ ಬಳಸ್ಬಹುದು, ಸುಟ್ರೆ ಒಂದೇ ಸಲಕ್ಕೆ ಮುಗೀತು. ಯುರೋಪ್ ಒಕ್ಕೂಟದ ಕಾನೂನು ಅದಕ್ಕೇ ಸುಡೋದಕ್ಕಿಂತ ಹೀಗೆ ಮತ್ತೆ ಶುದ್ಧ ಮಾಡೋದಕ್ಕೆ (ರೀ-ರಿಫೈನಿಂಗ್) ಮೊದಲ ಜಾಗ ಕೊಡುತ್ತೆ. ಭಾರತದಲ್ಲೂ 2024ರ ಏಪ್ರಿಲ್‌ನಿಂದ ಲೂಬ್ರಿಕೆಂಟ್ ಕಂಪನಿಗಳಿಗೇ ಹಳೇ ಆಯಿಲ್ ರೀಸೈಕಲ್ ಮಾಡಿಸೋ ಹೊಣೆ ಬಂದಿದೆ.

ರಿಜಿಸ್ಟರ್ ಇಡಿಸೋದು ಡ್ರಮ್ ಎಲ್ಲಿಂದ ಹೊರಟು ಎಲ್ಲಿಗೆ ಹೋಯ್ತು ಅಂತ ಗೊತ್ತಾಗ್ಲಿ ಅಂತ, ಇಲ್ದಿದ್ರೆ ಅದನ್ನೇ ಸೋಸಿ ಹೊಸ ಡಬ್ಬಕ್ಕೆ ತುಂಬಿ ಮಾರೋರಿಗೆ ಹಬ್ಬ.