‘ಅದು ಬಿಡಿ’ ಅಂದರೆ ಹೇಗೆ ಬಿಡಲಿ?

ಈ ವಾರದ ಪತ್ರಗಳಲ್ಲಿ ಒಂದನ್ನು ಓದುತ್ತಾ ಕಾಫಿ ಲೋಟ ಪಕ್ಕಕ್ಕಿಟ್ಟೆ. ಓದಿ ಮುಗಿಸುವಷ್ಟರಲ್ಲಿ ಅದು ಆರಿ ಕೆನೆ ಕಟ್ಟಿತ್ತು. ಬರೆದವರು ಸಕಲೇಶಪುರ ತಾಲ್ಲೂಕಿನವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಊರನ್ನೂ ಹೇಳುವುದಿಲ್ಲ. ಹೇಳಿದರೆ ಆ ಹೆಡ್‌ಮಾಸ್ಟರ್ ಯಾರು ಅಂತ ಇಡೀ ಹೋಬಳಿಗೆ ಗೊತ್ತಾಗುತ್ತದೆ. ಗೊತ್ತಾದರೆ ನನಗೇನೂ ಬೇಜಾರಿಲ್ಲ. ಆದರೆ ಇವರಿಗೆ ಆಗುತ್ತದೆ.

ವಿಷಯ ಇಷ್ಟು. ವಯಸ್ಸು 34. ಬಿ.ಎ., ಬಿ.ಎಡ್. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ವರ್ಷದಿಂದ ಅತಿಥಿ ಶಿಕ್ಷಕಿ. ಮಳೆ ರಜೆ ಮುಗಿಸಿ ಶಾಲೆಗೆ ಹೋದರೆ, ಇವರು ಕೂರುತ್ತಿದ್ದ ಕುರ್ಚಿಯಲ್ಲಿ ಹೊಸ ಮೇಡಂ ಕೂತಿದ್ದರು. ಚಿತ್ರದುರ್ಗದ ಕಡೆಯಿಂದ ವರ್ಗಾವಣೆ ಮೇಲೆ ಬಂದವರು. ಕಾಯಂ ಟೀಚರ್ ಬಂದರೆ ಅತಿಥಿ ಶಿಕ್ಷಕರ ಕೆಲಸ ಅಲ್ಲಿಗೆ ಮುಗಿಯಿತು, ನಿಯಮವೇ ಹಾಗೆ. ಗಂಡ ಎಸ್ಟೇಟ್ ಒಂದರಲ್ಲಿ ಲೆಕ್ಕ ಬರೆಯುವ ರೈಟರ್. ಮಗಳು ಮೂರನೇ ಕ್ಲಾಸು. ಪೇಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್‌ಗೆ ಜನ ಬೇಕಂತೆ, ಸೇರ್ಕೋ ಅಂತ ಗಂಡ. ‘ಜೂನ್‌ನಲ್ಲಿ ನೋಡೋಣ ಮೇಡಂ, ಇನ್ನೊಂದು ಪೋಸ್ಟ್ ಖಾಲಿ ಆಗುತ್ತೆ, ಬೇರೆ ಕಡೆ ಎಲ್ಲೂ ಹೋಗ್ಬೇಡಿ’ ಅಂತ ಹೆಡ್‌ಮಾಸ್ಟರ್. ಕಾಯಲಾ, ಅಂಗಡಿಗೆ ಹೋಗಲಾ ಅನ್ನುವುದು ಇವರ ಪ್ರಶ್ನೆ.

ಪತ್ರ ನಾಲ್ಕು ಪುಟ ಇದೆ. ಅದರಲ್ಲಿ ಎರಡು ಪುಟ ಹೊಸ ಮೇಡಂ ಮೇಲಿನ ಸಿಟ್ಟು. ಆಕೆ ಬಂದ ದಿನವೇ ಬೀರುವಿನ ಕೀ ಕೇಳಿದರಂತೆ. ಆಕೆಯ ಗಂಡ ಸಕಲೇಶಪುರದಲ್ಲೇ ಸರ್ಕಾರಿ ಕೆಲಸದಲ್ಲಿದ್ದಾರಂತೆ, ‘ಇಬ್ಬರಿಗೂ ಸಂಬಳ ಬರುತ್ತೆ, ನನ್ನ ಹೊಟ್ಟೆ ಮೇಲೆ ಹೊಡೀಬೇಕಿತ್ತಾ’ ಅಂತ ಕೇಳಿದ್ದೀರಿ.

ಇಲ್ಲಿ ಒಂದು ನಿಮಿಷ ನಿಲ್ಲಿ. ಆಕೆಯ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾದರೆ ಒಂದೇ ಕಡೆ ಇರಲಿ ಅಂತ ವರ್ಗಾವಣೆಯಲ್ಲಿ ಪತಿ-ಪತ್ನಿ ಪ್ರಕರಣ ಅಂತಲೇ ಒಂದು ದಾರಿ ಇದೆ. ಅದರಲ್ಲೇ ಬಂದಿರಬೇಕು. ಎಷ್ಟು ವರ್ಷ ಗಂಡ ಒಂದು ಕಡೆ, ಇವರೊಂದು ಕಡೆ ಇದ್ದರೋ, ಮಗುವಿಗೆ ಜ್ವರ ಬಂದಾಗ ಎಷ್ಟು ರಾತ್ರಿ ಬಸ್ಸು ಹತ್ತಿದರೋ. ಆಕೆ ನಿಮ್ಮ ಕೆಲಸ ಕಿತ್ತುಕೊಳ್ಳಲಿಲ್ಲ. ತನ್ನ ಹುದ್ದೆಗೆ ತಾನು ಬಂದರು. ಕೀ ಕೊಟ್ಟುಬಿಡಿ, ಆ ಸಿಟ್ಟನ್ನೂ ಕೊಟ್ಟುಬಿಡಿ.

ಈಗ ಮೂರನೇ ಪುಟಕ್ಕೆ ಬರುತ್ತೇನೆ. ಅಲ್ಲಿ ಜಾಗ ಸಾಲದೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒತ್ತಿ ಬರೆದಿದ್ದೀರಿ: ‘ಅಂದಹಾಗೆ ಹೋದ ವರ್ಷ ನಮ್ಮ ಶಾಲೆಯಿಂದ ನಾಲ್ಕು ಮಕ್ಕಳು ಮೊರಾರ್ಜಿಗೆ ಸೆಲೆಕ್ಟ್ ಆದರು. ನಾನೇ ಸಂಜೆ ಕೂರಿಸಿಕೊಂಡು ಓದಿಸಿದ್ದೆ. ಅದು ಬಿಡಿ.’

ಅದು ಬಿಡಿ ಅಂತೆ! ಎಂಥ ಹೆಂಗಸು ಮಾರಾಯ್ತಿ ನೀವು?

ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಐದನೇ ಕ್ಲಾಸಿನ ಮಕ್ಕಳು ಪ್ರವೇಶ ಪರೀಕ್ಷೆ ಬರೆಯಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅದನ್ನು ನಡೆಸುತ್ತದೆ. ಸೀಟು ಸಿಕ್ಕಿದರೆ ಆರನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿ ತನಕ ಊಟ, ವಸತಿ, ಪುಸ್ತಕ ಎಲ್ಲಾ ಪುಕ್ಕಟೆ. ಕಾಫಿ ತೋಟದ ಕೂಲಿಕಾರರ ಲೈನ್ ಮನೆಯ ಮಗುವಿಗೆ ಇದು ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಸನದಲ್ಲಿ ಈ ಪರೀಕ್ಷೆಗೆ, ಮಾವಿನಕೆರೆಯ ನವೋದಯ ವಸತಿ ಶಾಲೆಯ ಪರೀಕ್ಷೆಗೆ ಅಪ್ಪ-ಅಮ್ಮಂದಿರು ದುಡ್ಡು ಕೊಟ್ಟು ಕೋಚಿಂಗ್ ಕಳಿಸುತ್ತಾರೆ. ನವೋದಯದ್ದಂತೂ ಎರಡು ಗಂಟೆಯಲ್ಲಿ 80 ಪ್ರಶ್ನೆ, ಅದರಲ್ಲಿ ಅರ್ಧ ಚಿತ್ರ ನೋಡಿ ಬಿಡಿಸುವ ಬುದ್ಧಿಶಕ್ತಿ ಪ್ರಶ್ನೆಗಳು. ಹತ್ತು ವರ್ಷದ ಮಗುವನ್ನು ಅದಕ್ಕೆ ಪಳಗಿಸುವುದು ಹುಡುಗಾಟ ಅಲ್ಲ. ನೀವು ಕೋಚಿಂಗ್ ಸೆಂಟರ್ ಬೋರ್ಡೇ ಕಾಣದ ಊರಲ್ಲಿ, ಶಾಲೆ ಬಿಟ್ಟ ಮೇಲೆ, ಒಂದು ರೂಪಾಯಿ ತಗೊಳ್ಳದೆ, ಒಂದೇ ವರ್ಷ ನಾಲ್ಕು ಮಕ್ಕಳನ್ನು ದಾಟಿಸಿದ್ದೀರಿ. ಆಮೇಲೆ ‘ಅದು ಬಿಡಿ’!

ಮುಂದೆ ಏನಾಯಿತು ಅಂತಲೂ ನೀವೇ ಬರೆದಿದ್ದೀರಿ, ಅದೂ ಹೆಮ್ಮೆಯಿಂದ. ಆಗಸ್ಟ್ 15ಕ್ಕೆ ಊರಿನವರು ಹೆಡ್‌ಮಾಸ್ಟರಿಗೆ ಶಾಲು ಹೊದಿಸಿ ಹಾರ ಹಾಕಿದರು, ‘ನಮ್ಮ ಸರ್ ದೇವರಂಥವರು’ ಅಂತ. ಆ ಹೊತ್ತಿನಲ್ಲಿ ನೀವು ಎಲ್ಲಿದ್ದಿರಿ? ಮಕ್ಕಳ ಸಾಲು ಸರಿಮಾಡುತ್ತಿದ್ದಿರಿ. ದೇವರಂಥ ಸರ್ ಮೈಕ್ ಹಿಡಿದು ಒಂದು ಸಲ ನಿಮ್ಮ ಹೆಸರು ಹೇಳಿದರಾ? ಪತ್ರದಲ್ಲಿ ಅದು ಇಲ್ಲ. ಹೇಳಿದ್ದರೆ ನೀವು ಬರೆಯದೇ ಬಿಡುತ್ತಿರಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು. ಕೆಟ್ಟವರ ಹತ್ತಿರ ನಾವು ಹೇಗೂ ಹುಷಾರಾಗಿರುತ್ತೇವೆ. ಒಳ್ಳೆಯವರ ಹತ್ತಿರ ಇರುವುದಿಲ್ಲ. ನಿಮ್ಮ ಹೆಡ್‌ಮಾಸ್ಟರ್ ಬೈದಿಲ್ಲ, ಕಾಟ ಕೊಟ್ಟಿಲ್ಲ, ಗೌರವಧನ ತಡವಾದಾಗ ಒಮ್ಮೆ ಕೈಯಿಂದ ಎರಡು ಸಾವಿರ ಕೊಟ್ಟರಂತೆ. ಸಂತೋಷ. ಆದರೆ ‘ಬೇರೆ ಕಡೆ ಎಲ್ಲೂ ಹೋಗ್ಬೇಡಿ’ ಅಂದರಲ್ಲ, ಅದು ನಿಮ್ಮ ಒಳ್ಳೆಯದಕ್ಕಾ? ಮಧ್ಯದಲ್ಲಿ ಯಾರಾದರೂ ರಜೆ ಹಾಕಿದರೆ ಕರೆದ ಕೂಡಲೇ ಬರುವ, ಸಂಜೆ ಮಕ್ಕಳನ್ನು ಓದಿಸುವ, ಕೇಳದೇ ಕೆಲಸ ಮಾಡುವ ಟೀಚರ್ ಅವರಿಗೆ ಕೈಗೆ ಸಿಗುವ ಹಾಗೆ ಇರಬೇಕು. ಜೂನ್ ಬರುವುದಕ್ಕೆ ಇನ್ನೂ ಹತ್ತು ತಿಂಗಳಿದೆ. ಖಾಲಿ ಆಗುತ್ತೆ ಅಂದ ಪೋಸ್ಟಿಗೂ ಇನ್ನೊಬ್ಬರು ವರ್ಗಾವಣೆ ಆಗಿ ಬರಬಹುದು. ಆಗ ಸರ್ ಏನು ಮಾಡುತ್ತಾರೆ? ‘ಅಯ್ಯೋ ಪಾಪ’ ಅನ್ನುತ್ತಾರೆ.

ನಿಮಗೆ ಸಿಗುತ್ತಿದ್ದುದಾದರೂ ಎಷ್ಟು? ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ಇತ್ತು, 2025ರ ಬಜೆಟ್‌ನಲ್ಲಿ 2,000 ಏರಿಸಿದರು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಅದಕ್ಕೆ ಸಂಬಳ ಅನ್ನುವ ಹೆಸರೂ ಇಲ್ಲ, ಗೌರವಧನ. ನಿಮಗೆ ಗೌರವ ಎಷ್ಟು ಸಿಕ್ಕಿತು ಅಂತ ಶಾಲಿನ ಕತೆಯಲ್ಲೇ ಗೊತ್ತಾಯಿತು.

ನನ್ನನ್ನು ನಿಜವಾಗಿ ರೇಗಿಸಿದ್ದು ಕೊನೇ ಪುಟ. ಹಾಸನದ ಒಂದು ಖಾಸಗಿ ಶಾಲೆಯಲ್ಲಿ ಟೀಚರೊಬ್ಬರು ಹೆರಿಗೆ ರಜೆಗೆ ಹೋಗುತ್ತಿದ್ದಾರೆ. ಆ ಜಾಗಕ್ಕೆ ನಿಮ್ಮನ್ನು ಕರೆದು ಮಾತಾಡಿದರು. ಪಾಠ ಮಾಡಿಸಿ ನೋಡಿ ಖುಷಿಪಟ್ಟರು. ‘ಹಿಂದಿನ ಶಾಲೆಯ ಅನುಭವ ಪತ್ರ ತನ್ನಿ’ ಅಂದರು. ನೀವೇನು ಮಾಡಿದಿರಿ? ‘ಈ ಟೈಮಲ್ಲಿ ಸರ್‌ಗೆ ತೊಂದರೆ ಕೊಡೋದು ಬೇಡ ಅಂತ ಸುಮ್ಮನಾದೆ.’

ಐದು ವರ್ಷ ಪಾಠ ಮಾಡಿದ್ದಕ್ಕೆ ನಿಮ್ಮ ಕೈಯಲ್ಲಿ ಒಂದು ಚೀಟಿ ಇಲ್ಲ. ಸರ್ ತಾವಾಗಿ ಕೊಡಲಿಲ್ಲ, ನೀವು ಪಟ್ಟು ಹಿಡಿದು ಕೇಳಲಿಲ್ಲ. ಒಂದು ಸಲ ಕೇಳಿದ್ದಕ್ಕೆ ‘ಅದೆಲ್ಲಾ ಯಾಕೆ ಮೇಡಂ, ನಾವೇನು ಬೇರೆಯವರಾ’ ಅಂದರಂತೆ. ಬೇರೆಯವರೇ ಕಣಮ್ಮಾ. ಅವರು ಕಾಯಂ, ನೀವು ಅತಿಥಿ. ಅವರಿಗೆ ನಾಳೆ ವರ್ಗಾವಣೆ ಆದರೂ ಸೇವಾ ಪುಸ್ತಕ ಜೊತೆಗೇ ಹೋಗುತ್ತದೆ. ನಿಮ್ಮ ಜೊತೆ ಏನು ಬರುತ್ತದೆ?

ನನ್ನದೇ ಕತೆ ಹೇಳುತ್ತೇನೆ. 1994ರಲ್ಲಿ ನಾನೂ ಹೀಗೇ ಒಂದು ಶಾಲೆಯಲ್ಲಿ ಹೆರಿಗೆ ರಜೆಯ ಮೇಡಂ ಜಾಗಕ್ಕೆ ನಾಲ್ಕು ತಿಂಗಳು ಪಾಠ ಮಾಡಿದೆ. ಕೊನೇ ದಿನ ಅನುಭವ ಪತ್ರ ಕೇಳಿದೆ. ಟೈಪ್ ಮಾಡಿದ್ದು ರೆಡಿ ಇತ್ತು, ಸಹಿಯೂ ಬಿದ್ದಿತ್ತು. ಸೀಲ್ ಹಾಕಲು ಹೋದರೆ ಇಂಕ್ ಪ್ಯಾಡ್ ಒಣಗಿ ಹಕ್ಕಳೆ ಕಟ್ಟಿತ್ತು. ಹೆಡ್‌ಮಿಸ್ಟ್ರೆಸ್ ಸೀಲನ್ನು ಬಾಯಿ ಹತ್ತಿರ ತಂದು ಹಾ ಅಂತ ಊದಿ ಒತ್ತಿದರು. ಅರ್ಧ ಚಂದ್ರನ ಹಾಗೆ ಏನೋ ಒಂದು ಗೆರೆ ಮೂಡಿತು. ‘ಬರೋ ವಾರ ಬಾಮ್ಮಾ, ಹೊಸ ಪ್ಯಾಡ್ ತರಿಸಿರ್ತೀನಿ’ ಅಂದರು. ಒಳ್ಳೆಯ ಹೆಂಗಸು, ಪಾಪ. ಮೂರು ಸಲ ಹೋದೆ, ಮೂರು ಸಲವೂ ಪ್ಯಾಡ್ ಬಂದಿರಲಿಲ್ಲ. ನಾಲ್ಕನೇ ಸಲ ಹೋದಾಗ ಆ ಕುರ್ಚಿಯಲ್ಲಿ ಬೇರೆಯವರಿದ್ದರು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವು ಯಾರು ಅಂದರು. ಆ ಕಾಗದ ಇಲ್ಲದೆ ಅರಸೀಕೆರೆಯಲ್ಲಿ ಸಿಗಬೇಕಿದ್ದ ಕೆಲಸ ತಪ್ಪಿಹೋಯಿತು. ಅವತ್ತಿಂದ ಯಾರಾದರೂ ‘ನಾನಿದ್ದೀನಲ್ಲ’ ಅಂದರೆ, ‘ಬರೆದುಕೊಡಿ’ ಅನ್ನುವುದು ನನಗೆ ರೂಢಿಯಾಗಿದೆ. ನಮ್ಮ ಮನೆಯವರಿಗೂ ಇದರ ಬಿಸಿ ತಟ್ಟಿದೆ.

ಆದ್ದರಿಂದ ನಿಮಗೆ ಹತ್ತು ಸಲಹೆ ಕೊಡುವುದಿಲ್ಲ. ಒಂದೇ. ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗಿ ಅನುಭವ ಪತ್ರ ತಗೊಂಡು ಬನ್ನಿ.

ಬರೆದುಕೊಡಿ ಅಂತ ಕೇಳಬೇಡಿ, ಬರೆದುಕೊಂಡೇ ಹೋಗಿ. ಭಾನುವಾರವೇ ಪೇಟೆಯ ಸೈಬರ್ ಅಂಗಡಿಯಲ್ಲಿ ಟೈಪ್ ಮಾಡಿಸಿ. ಶಾಲೆಯ ಹೆಸರು, ಡೈಸ್ ಕೋಡ್ (ಶಾಲೆಗೆ ಇಲಾಖೆ ಕೊಟ್ಟ ನಂಬರು). ಯಾವ ವರ್ಷ ಯಾವ ತಾರೀಕಿನಿಂದ ಯಾವ ತಾರೀಕಿನ ತನಕ, ಐದೂ ವರ್ಷದ್ದು ಬೇರೆ ಬೇರೆ ಸಾಲಿನಲ್ಲಿ. ಯಾವ ಕ್ಲಾಸಿಗೆ ಯಾವ ವಿಷಯ. ತಾರೀಕು ನೆನಪಿಲ್ಲ ಅಂದರೆ ಹಾಜರಿ ಪುಸ್ತಕದಲ್ಲಿ ನಿಮ್ಮ ಸಹಿ ಇದೆ, ಬ್ಯಾಂಕಿಗೆ ಗೌರವಧನ ಬಂದದ್ದು ಪಾಸ್‌ಬುಕ್‌ನಲ್ಲಿದೆ. (ಪಾಸ್‌ಬುಕ್ ಎಂಟ್ರಿ ಮಾಡಿಸಿ ಎಷ್ಟು ದಿನ ಆಯಿತು? ಹೌದು, ಇದನ್ನು ಎಲ್ಲರಿಗೂ ಕೇಳುತ್ತೇನೆ.) ಕೊನೆಗೆ ಒಂದು ಸಾಲು ತಪ್ಪದೇ ಇರಲಿ: ಇವರು ತರಬೇತಿ ಕೊಟ್ಟ ನಾಲ್ವರು ವಿದ್ಯಾರ್ಥಿಗಳು ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆಯ್ಕೆಯಾಗಿದ್ದಾರೆ. ಆ ಸಾಲನ್ನು ಸರ್ ತೆಗೆಯಲು ಹೇಳಿದರೆ ತೆಗೆಯಬೇಡಿ. ಸುಮ್ನೆ ನಗುತ್ತಾ ನಿಂತಿರಿ. ಶಾಲು ಅವರಿಗೇ ಇರಲಿ, ಸಾಲು ನಿಮಗೆ ಬೇಕು.

ಕೊಡುವುದೇ ಇಲ್ಲ ಅಂದರೆ? ಕೊಡುತ್ತಾರೆ. ಆದರೂ ಕೇಳುತ್ತೀರಿ ಅಂತ ಹೇಳುತ್ತೇನೆ. ಅರ್ಜಿ ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪ್ರತಿ ಹೋಗಲಿ. ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಿಮ್ಮದೇ ಹಾಜರಿಯ ನಕಲು ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಅಷ್ಟು ದೂರ ಹೋಗುವುದಿಲ್ಲ ಬಿಡಿ. ನಿಮ್ಮ ಸರ್ ಕೆಟ್ಟವರಲ್ಲ, ಕೇಳದಿದ್ದರೆ ಕೊಡದವರು ಅಷ್ಟೇ.

ಉಳಿದ ಪ್ರಶ್ನೆಗಳಿಗೆ ಬೇಗ ಬೇಗ ಹೇಳಿಬಿಡುತ್ತೇನೆ. 2019ರಲ್ಲಿ ಪಾಸಾದ ನಿಮ್ಮ ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಏಳು ವರ್ಷ ಮುಗಿಯಿತು, ಇನ್ನು ಅದು ಕಸ ಅಂತ ನಾದಿನಿ ಹೇಳಿದರಂತೆ. ನಾದಿನಿಗೆ ಹಳೇ ಸುದ್ದಿ ಗೊತ್ತಿದೆ, ಹೊಸದು ಗೊತ್ತಿಲ್ಲ. ಏಳು ವರ್ಷದ ಮಿತಿಯನ್ನು 2021ರಲ್ಲೇ ತೆಗೆದರು, 2011ರಿಂದ ಪಾಸಾದವರಿಗೆಲ್ಲ ಅದು ಜೀವನಪೂರ್ತಿ ನಡೆಯುತ್ತದೆ. ಆ ಸರ್ಟಿಫಿಕೇಟ್ ಎತ್ತಿಡಿ. ನಾದಿನಿ ಮಾತನ್ನು ಎತ್ತಿಡಬೇಕಿಲ್ಲ.

ಬಟ್ಟೆ ಅಂಗಡಿ ಬಗ್ಗೆ: ಅದು ಕೀಳು ಕೆಲಸ ಅಲ್ಲ. ಮನೆಯಲ್ಲಿ ಅಕ್ಕಿ ತರಲು ಕಷ್ಟ ಇದ್ದಿದ್ದರೆ ನಾಳೆಯೇ ಸೇರಿ ಅನ್ನುತ್ತಿದ್ದೆ. ನೀವೇ ಬರೆದ ಪ್ರಕಾರ ಅಷ್ಟು ಕಷ್ಟ ಇಲ್ಲ, ಗಂಡನಿಗೆ ನೀವು ಮನೆಯಲ್ಲಿ ಮಂಕಾಗಿ ಕೂತಿರುವುದು ನೋಡಲಾಗುತ್ತಿಲ್ಲ. ಅವರ ಮೇಲೆ ಬೇಜಾರು ಬೇಡ. ಆದರೆ ಹಾಸನದ ಶಾಲೆ ಬಾಗಿಲು ತೆಗೆದು ಕಾಯುತ್ತಿರುವಾಗ ಬಿಲ್ಲಿಂಗ್ ಯಾಕೆ? ಆರು ತಿಂಗಳಿಗೆ ಮಾತ್ರ ಅಂತ ಹಿಂಜರಿದಿದ್ದೀರಿ. ಖಾಸಗಿ ಶಾಲೆಯವರು ಮುಂದಿನ ವರ್ಷಕ್ಕೆ ಜನ ಹುಡುಕುವುದು ಮಾರ್ಚ್, ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ನೀವು ಅವರ ಕಣ್ಣೆದುರೇ ಇರುತ್ತೀರಿ, ಕೈಯಲ್ಲಿ ಎರಡನೇ ಅನುಭವ ಪತ್ರವೂ ಇರುತ್ತದೆ. ಸಕಲೇಶಪುರದಿಂದ ಹಾಸನ ಸುಮಾರು ನಲವತ್ತು ಕಿಲೋಮೀಟರ್, ಸರ್ಕಾರಿ ಬಸ್ಸಿಗೆ ಆಧಾರ್ ತೋರಿಸಿದರೆ ದುಡ್ಡಿಲ್ಲ. ಮಗಳು ಶಾಲೆಯಿಂದ ಬಂದ ಮೇಲೆ ಅಜ್ಜಿ ಜೊತೆ ಒಂದು ಗಂಟೆ ಇದ್ದರೆ ಆಕಾಶ ಬೀಳುವುದಿಲ್ಲ. ಅತ್ತೆಗೆ ಸೊಂಟ ನೋವು ಅಂದಿದ್ದೀರಿ. ಮೂರನೇ ಕ್ಲಾಸಿನ ಹುಡುಗಿಯನ್ನು ಯಾರೂ ಸೊಂಟದ ಮೇಲೆ ಕೂರಿಸಿಕೊಳ್ಳಬೇಕಿಲ್ಲ.

ಇನ್ನು ಆ ಸಂಜೆ ಪಾಠ. ಈ ವರ್ಷದ ಐದನೇ ಕ್ಲಾಸಿನ ಮಕ್ಕಳ ಅಮ್ಮಂದಿರು ‘ನೀವು ಬಿಟ್ಟರೆ ನಮ್ಮ ಮಕ್ಕಳ ಗತಿ ಏನು’ ಅಂತ ಕೇಳಿದರಂತೆ. ಬಿಡಬೇಡಿ. ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ನಿಮ್ಮ ಮನೆ ಜಗಲಿಯಲ್ಲಿ ಮಾಡಿ. ಆದರೆ ಫೀಸ್ ತಗೊಳ್ಳಿ. ಎಷ್ಟು ಅಂತ ನೀವೇ ಹೇಳಿ, ಬಾಯಿ ಬಿಟ್ಟು ಹೇಳಿ. ಕೊಡಲಾಗದ ಮನೆಯ ಮಗು ಯಾವುದು ಅಂತ ನಿಮಗೆ ಗೊತ್ತೇ ಇರುತ್ತದೆ, ಆ ಮಗುವಿಗೆ ಬೇಡ. ಉಳಿದವರಿಗೆ ಪುಕ್ಕಟೆ ಇಲ್ಲ.

ಇದೆಲ್ಲಾ ಆಮೇಲಿನ ಮಾತು. ಮೊದಲು ಸೋಮವಾರ. ಪ್ರಾರ್ಥನೆ ಮುಗಿದು ಸರ್ ಆಫೀಸಿನಲ್ಲಿ ಕೂತ ಕೂಡಲೇ ಹೋಗಿ, ಊಟದ ಗಂಟೆಗೆ ಬೇಡ. ಎರಡು ಪ್ರತಿ ಇಟ್ಟುಕೊಳ್ಳಿ. ಸರ್ ಮಾತಿಗೆ ಎಳೆಯುತ್ತಾರೆ, ಟೀ ತರಿಸುತ್ತಾರೆ, ಜೂನ್ ಅನ್ನುತ್ತಾರೆ. ಟೀ ಕುಡಿಯಿರಿ. ಕಾಗದವನ್ನು ಮೇಜಿನಿಂದ ಎತ್ತಬೇಡಿ. ಹೋಗುವಾಗ ದಾರಿಯ ಸ್ಟೇಷನರಿ ಅಂಗಡಿಯಲ್ಲಿ ಒಂದು ಹೊಸ ಇಂಕ್ ಪ್ಯಾಡ್ ಕೊಂಡು ಬ್ಯಾಗಿಗೆ ಹಾಕಿಕೊಳ್ಳಿ.