ಗರ್ಭಿಣಿ ಉದ್ಯೋಗಿಯ ಸಂಕಟ ನಗೆನಾಟಕದ ವಸ್ತುವಾಗಬಹುದೇ? ‘ಕಾಂಟ್ರಾಕ್ಷನ್ಸ್’ ಕನ್ನಡಕ್ಕೆ ಒಗ್ಗುತ್ತದೆಯೇ?

ಬ್ರಿಟನ್ನಿನ ನಾಟಕಕಾರ ಮೈಕ್ ಬಾರ್ಟ್ಲೆಟ್ ಅವರ ‘ಕಾಂಟ್ರಾಕ್ಷನ್ಸ್’ ನಾಟಕವನ್ನು ನಿಮ್ಮ ಹವ್ಯಾಸಿ ತಂಡ ಕನ್ನಡದಲ್ಲಿ ಆಡಬೇಕೆಂದಿದೆ ಎಂದು ಬರೆದಿದ್ದೀರಿ. ಬಸುರಿ ಹೆಂಗಸಿನ ಸಂಕಟ ಮುಂದಿಟ್ಟು ಜನರನ್ನು ನಗಿಸಬಹುದೇ ಎಂಬ ಅಳುಕು ನಿಮಗಿದೆ. ಇಂಥ ಕಚೇರಿ ನಮ್ಮವರಿಗೆ ತೀರಾ ಪರಕೀಯ ಅನ್ನಿಸೀತೇ ಎಂದೂ ಕೇಳಿದ್ದೀರಿ. ಖಂಡಿತ ಆಡಿ. ಬಹುಕಾಲ ಮಾನವ ಸಂಪನ್ಮೂಲ ವಿಭಾಗದಲ್ಲಿ ದುಡಿದು, ಸಂಜೆಗಳನ್ನು ತಾಲೀಮಿನಲ್ಲಿ ಕಳೆದವಳು ನಾನು. ಈ ನಾಟಕವನ್ನು ಕನ್ನಡದಲ್ಲಿ ನೋಡುವ ಆಸೆ ನನಗೂ ಇದೆ. ಕಾರಣ ಹೇಳಬೇಕಾದರೆ ಕಥೆಯ ಕೊನೆಯನ್ನೂ ಬಿಚ್ಚಿಡಬೇಕಾಗುತ್ತದೆ. ನಾಟಕವನ್ನು ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಬಹುದು.

ರಂಗದ ಮೇಲೆ ಇಬ್ಬರೇ ಹೆಂಗಸರು. ಒಬ್ಬಳು ಮ್ಯಾನೇಜರ್, ಅವಳಿಗೆ ಹೆಸರಿಲ್ಲ. ಇನ್ನೊಬ್ಬಳು ಎಮ್ಮಾ. ಮ್ಯಾನೇಜರಿನ ಕೋಣೆಗೆ ಎಮ್ಮಾಳನ್ನು ಮತ್ತೆ ಮತ್ತೆ ಕರೆಸಲಾಗುತ್ತದೆ, ಅಷ್ಟೇ ನಾಟಕ. ಮೊದಲ ಭೇಟಿಯಲ್ಲಿ ಅವಳ ನೇಮಕದ ಕರಾರಿನ ಒಂದು ಕಲಮನ್ನು ಗಟ್ಟಿಯಾಗಿ ಓದಿಸುತ್ತಾರೆ: ಸಹೋದ್ಯೋಗಿಯೊಂದಿಗೆ ಪ್ರೇಮ ಅಥವಾ ದೈಹಿಕ ಸಂಬಂಧ ಬೆಳೆದರೆ ಕಂಪನಿಗೆ ತಿಳಿಸಬೇಕು. ಆಮೇಲೆ ಡ್ಯಾರನ್ ಎಂಬ ಸಹೋದ್ಯೋಗಿಯ ವಿಚಾರ ಬರುತ್ತದೆ. ಊಟಕ್ಕೆ ಹೋಗಿದ್ದಿರಾ? ಸಂಬಂಧ ಎಷ್ಟು ದಿನ ಬಾಳೀತು ಎಂದು ನಿಮ್ಮ ಅಂದಾಜು? ಇಂಥ ಪ್ರಶ್ನೆಗಳು ಫೈಲಿನ ಕೆಲಸದಂತೆ ಒಂದರ ಹಿಂದೊಂದು ಬರುವಾಗ ಪ್ರೇಕ್ಷಕರು ನಗುತ್ತಾರೆ, ನಗಲೇಬೇಕು. ಎಮ್ಮಾ ಬಸುರಾಗುತ್ತಾಳೆ, ಡ್ಯಾರನ್‌ನನ್ನು ದೂರದ ಶಾಖೆಗೆ ಕಳಿಸಲಾಗುತ್ತದೆ. ಅವನನ್ನು ನಾವು ಒಮ್ಮೆಯೂ ನೋಡುವುದಿಲ್ಲ. ಮಗು ಹುಟ್ಟುತ್ತದೆ, ಮುಂದೆ ತೀರಿಕೊಳ್ಳುತ್ತದೆ. ಆಗ ಮ್ಯಾನೇಜರ್ ಪುರಾವೆ ಕೇಳುತ್ತಾಳೆ. ಎಮ್ಮಾ ಹೂತ ಮಗುವನ್ನು ಹೊರತೆಗೆದು ಕಚೇರಿಗೆ ತರುತ್ತಾಳೆ.

ನಿಮ್ಮ ಮೊದಲ ಅಳುಕಿಗೆ ಉತ್ತರ ಇರುವುದು ಇಲ್ಲಿಯೇ. ಎಮ್ಮಾಳ ಬಸಿರಿನಲ್ಲಿ ನಗುವಂಥದ್ದನ್ನು ನಾಟಕಕಾರ ಏನೂ ಇಟ್ಟಿಲ್ಲ. ಎದುರಿಗೆ ಕುಳಿತವಳ ಸೌಜನ್ಯಕ್ಕೆ ನಾವು ನಗುತ್ತೇವೆ, ಆ ಸೌಜನ್ಯ ಎಲ್ಲೂ ಕದಲದೆ ಮಗುವಿನ ಸಾವಿನವರೆಗೂ ಬಂದು ನಿಂತಾಗ ಅದೇ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲ ದೃಶ್ಯಗಳಲ್ಲಿ ನಗಿಸದಿದ್ದರೆ ಕೊನೆಯ ದೃಶ್ಯಗಳಿಗೆ ಬಲವೇ ಇರುವುದಿಲ್ಲ. ಆದ್ದರಿಂದ ನಗೆಗೆ ಅಂಜಬೇಡಿ. ಮ್ಯಾನೇಜರನ್ನು ಖಳನಾಯಕಿಯಾಗಿ ಆಡಿಸುವುದಕ್ಕೆ ಅಂಜಿ. ಹುಬ್ಬು ಗಂಟಿಕ್ಕಿದ, ವ್ಯಂಗ್ಯವಾಗಿ ತುಟಿ ಕೊಂಕಿಸುವ ಮ್ಯಾನೇಜರ್ ಬಂದರೆ ಪ್ರೇಕ್ಷಕರಿಗೆ ಸಮಾಧಾನವಾಗಿಬಿಡುತ್ತದೆ: ಇವಳೊಬ್ಬಳು ಕೆಟ್ಟವಳು, ನಮ್ಮ ಕಚೇರಿಯಲ್ಲಿ ಇಂಥವರಿಲ್ಲ ಎಂದುಕೊಂಡು ಎದ್ದು ಹೋಗುತ್ತಾರೆ. ಅವಳು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುವ ಹೆಣ್ಣುಮಗಳಾಗಿರಬೇಕು. ನಿಜಕ್ಕೂ ಎಮ್ಮಾಳ ಒಳಿತನ್ನೇ ಬಯಸುತ್ತಿದ್ದೇನೆ ಎಂದು ನಟಿ ನಂಬಿ ಆಡಬೇಕು.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಹಿಂದೆ ನಾನಿದ್ದ ಕಂಪನಿಯಲ್ಲಿ ಸಹೋದ್ಯೋಗಿಯೊಬ್ಬಳಿಗೆ ಗರ್ಭಪಾತವಾಯಿತು. ಅವಳಿಗೆ ಬಂದ ಇಮೇಲ್ ‘ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು’ ಎಂದು ಆರಂಭವಾಗಿ, ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಆದಷ್ಟು ಬೇಗ ಲಗತ್ತಿಸಿ ಎಂದು ಮುಗಿದಿತ್ತು. ಅದನ್ನು ಬರೆದಾಕೆ ಒಳ್ಳೆಯವಳೇ. ಕಾನೂನಿನಲ್ಲೂ ಹಾಗೆಯೇ ಇತ್ತು: ಗರ್ಭಪಾತವಾದರೆ ನಿಗದಿತ ಪುರಾವೆ ಒದಗಿಸಿದ ಮೇಲೆ ಆರು ವಾರ ಸಂಬಳಸಹಿತ ರಜೆ ಎಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಸೆಕ್ಷನ್ನು ಹೇಳುತ್ತಿತ್ತು. ರಜೆ ಕೊಟ್ಟ ಕಾಯ್ದೆ ದೊಡ್ಡದು, ಅದನ್ನು ಪಡೆಯಲು ಹೆಂಗಸರು ಬಹಳ ಹೋರಾಡಿದ್ದಾರೆ. ಆದರೆ ಆ ಕಾಗದ ಹುಡುಕಲು ಅವಳು ಪಟ್ಟ ಪಾಡನ್ನು ಕಂಡ ನನಗೆ ಎಮ್ಮಾ ತರುವ ಪುರಾವೆ ಅತಿರೇಕವೆಂದು ಅನ್ನಿಸಲೇ ಇಲ್ಲ.

ಇನ್ನು ಪರಕೀಯತೆಯ ಮಾತು. ನಾಟಕ 2008ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಮೊದಲು ರಂಗಕ್ಕೆ ಬಂತು, ಅದರ ಕಂಪನಿಯೂ ಬ್ರಿಟಿಷ್ ಕಂಪನಿಯೇ. ಆದರೆ ಆ ಕರಾರಿನ ಕಲಮು ನಮಗೆ ಹೊಸದೇನಲ್ಲ. ನಮ್ಮ ಕೊಡಗಿನ ವಿರಾಜಪೇಟೆಯವರಾದ ಸಿ.ಬಿ. ಮುತ್ತಮ್ಮ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದಂತೆ ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನ್ನಿಸಿದರೆ ಮದುವೆಯ ನಂತರ ರಾಜೀನಾಮೆಯನ್ನೂ ಕೇಳಬಹುದಿತ್ತು. ಬಡ್ತಿ ತಪ್ಪಿಸಿದ್ದನ್ನು ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಏರ್ ಇಂಡಿಯಾದ ಗಗನಸಖಿ ಮೊದಲ ಸಲ ಬಸುರಾದರೆ ಕೆಲಸದಿಂದ ಬಿಡುಗಡೆ ಎಂಬ ನಿಯಮವಿತ್ತು. ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿದ್ದು 1981ರಲ್ಲಿ. ಸೇವೆಯ ಮೊದಲ ನಾಲ್ಕು ವರ್ಷ ಮದುವೆಯಾಗಬಾರದು ಎಂಬ ಷರತ್ತನ್ನು ಮಾತ್ರ ಅದೇ ತೀರ್ಪು ಎತ್ತಿಹಿಡಿಯಿತು.

ಜೀವ ವಿಮಾ ನಿಗಮದ ಪ್ರಕರಣವಂತೂ ಎಮ್ಮಾಳ ಕೋಣೆಯ ಬಾಗಿಲಲ್ಲೇ ಇದೆ. ಅಲ್ಲಿ ಕೆಲಸಕ್ಕೆ ಸೇರುವ ಹೆಂಗಸು ತುಂಬಬೇಕಾದ ಘೋಷಣಾ ಪತ್ರದಲ್ಲಿ ಮುಟ್ಟು ಸರಿಯಾಗಿ ಆಗುತ್ತದೆಯೇ, ಕಳೆದ ಸಲ ಯಾವ ದಿನ ಆಯಿತು, ಎಷ್ಟು ಸಲ ಗರ್ಭ ನಿಂತಿದೆ, ಗರ್ಭಪಾತವಾಗಿತ್ತೇ ಎಂಬ ಕಲಮುಗಳಿದ್ದವು. ಹೆರಿಗೆ ರಜೆಗೆ ಹೋದ ಉದ್ಯೋಗಿಯೊಬ್ಬರನ್ನು ಪ್ರೊಬೇಷನ್ ಅವಧಿಯಲ್ಲೇ ಕೆಲಸದಿಂದ ತೆಗೆದಾಗ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1991ರಲ್ಲಿ ನ್ಯಾಯಾಲಯ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು, ಆ ಕಲಮುಗಳನ್ನು ಅಳಿಸಲು ಸೂಚಿಸಿತು. ಇಷ್ಟಾದ ಮೇಲೂ, ಮೂರು ತಿಂಗಳು ಮೀರಿದ ಗರ್ಭಿಣಿ ಅಭ್ಯರ್ಥಿ ‘ತಾತ್ಕಾಲಿಕವಾಗಿ ಅನರ್ಹ’ ಎಂಬ ಸೂಚನೆಯನ್ನು ಭಾರತೀಯ ಸ್ಟೇಟ್ ಬ್ಯಾಂಕ್ ಹೊರಡಿಸಿ, ಜನರ ಆಕ್ರೋಶ ಕಂಡು 2022ರ ಜನವರಿಯಲ್ಲಿ ಹಿಂದಕ್ಕೆ ಪಡೆಯಿತು. ನಿಮ್ಮ ಪ್ರೇಕ್ಷಕರಲ್ಲಿ ಹೆಂಗಸರಿಗಾದರೂ ಆ ಕೋಣೆಯ ಪರಿಚಯ ಬೇಕಾಗುವುದಿಲ್ಲ.

ಆದ್ದರಿಂದಲೇ ರೂಪಾಂತರ ಬೇಡ, ಅನುವಾದವೇ ಇರಲಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಎಮ್ಮಾ ಎಮ್ಮಾಳಾಗಿಯೇ ಇರಲಿ. ಅವಳನ್ನು ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಗೆ ಕರೆತಂದರೆ ನಟರ ಕಣ್ಣು ಆ ಉಚ್ಚಾರಣೆ, ಕೊರಳಿನ ಗುರುತುಚೀಟಿಗಳ ಕಡೆ ಹೋಗುತ್ತದೆ. ಪ್ರೇಕ್ಷಕರು ಗುರುತು ಹಿಡಿದು ಹಗುರವಾಗಿ ನಕ್ಕು ಮುಗಿಸುತ್ತಾರೆ. ದೂರದ ಊರಿನ ಕಥೆ ಎಂದು ಕುಳಿತವರಿಗೆ ತಮ್ಮದೇ ಕಚೇರಿ ತಾನಾಗಿ ಕಾಣಬೇಕು.

ಭಾಷೆಗೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಇದು ಮೊದಲು ಬಿಬಿಸಿ ಬಾನುಲಿಗಾಗಿ ಬರೆದ ನಾಟಕ. ಎಲ್ಲವೂ ಮಾತಿನಲ್ಲೇ ನಡೆಯುತ್ತದೆ. ಮ್ಯಾನೇಜರ್ ಮೊದಲಿಂದ ಕೊನೆಯವರೆಗೆ ‘ನೀವು’ ಎಂದೇ ಅನ್ನಬೇಕು. ನಮ್ಮ ಕಚೇರಿಗಳಲ್ಲಿ ಹಿರಿಯಳು ಕಿರಿಯಳಿಗೆ ‘ಕುಳಿತುಕೋಮ್ಮಾ’ ಎನ್ನುವ ರೂಢಿ ಇದೆ. ಆ ಒಂದು ‘ಅಮ್ಮಾ’ ಸೇರಿದರೂ ಮಾತಿಗೆ ಬೆಚ್ಚಗಿನ ಸಲಿಗೆ ಬಂದು ನಾಟಕದ ಬಿಗಿ ಸಡಿಲವಾಗುತ್ತದೆ. ಕರಾರಿನ ಕಲಮಿಗೆ ನಮ್ಮ ಸರ್ಕಾರಿ ಆದೇಶಗಳ ಕನ್ನಡ ಬಳಸಿ, ‘ಸದರಿ’, ‘ಮೇಲ್ಕಂಡ’ ಎಲ್ಲ ಬರಲಿ. ಹಿನ್ನೆಲೆ ಸಂಗೀತ ಬೇಡ. ಮೇಜು, ಎರಡು ಕುರ್ಚಿ ಸಾಕು. ಸುಮಾರು ಒಂದು ಗಂಟೆಯ ನಾಟಕ, ಮಧ್ಯಂತರ ಕೊಡಬೇಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ಮಗುವಿನ ಸಾವು ಕಥೆಯಲ್ಲಿದೆ ಎಂದು ಭಿತ್ತಿಪತ್ರದಲ್ಲೂ ಟಿಕೆಟ್ ಕೊಡುವಲ್ಲೂ ಸ್ಪಷ್ಟವಾಗಿ ಬರೆಯಿರಿ. ಆ ನೋವು ಉಂಡವರು ಪ್ರತಿ ಪ್ರದರ್ಶನದಲ್ಲೂ ಇರುತ್ತಾರೆ. ಬರುವುದೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ. ಎಮ್ಮಾಳ ಪಾತ್ರ ಹಂಚುವಾಗಲೂ ಕೊನೆಯ ದೃಶ್ಯಗಳನ್ನು ಮುಚ್ಚಿಡದೆ ನಟಿಗೆ ಮೊದಲೇ ಓದಲು ಕೊಡಿ.

ಅನುವಾದ, ಪ್ರದರ್ಶನ ಎರಡಕ್ಕೂ ಹಕ್ಕುದಾರರ ಅನುಮತಿ ಬೇಕು. ತಾಲೀಮು ಆರಂಭಿಸುವ ಮೊದಲೇ ಬರೆದು ಕೇಳಿ. ಅನುವಾದದ ಕರಡು ಸಿದ್ಧವಾದರೆ ಇಲ್ಲಿಯೇ ತಿಳಿಸಿ, ಮ್ಯಾನೇಜರಿನ ಮಾತುಗಳನ್ನು ಓದಿ ಅಭಿಪ್ರಾಯ ಹೇಳಲು ನಾನು ಸಿದ್ಧಳಿದ್ದೇನೆ.